ಚಕ್ರದ ಮೇಲಿನ ಸೀಟು ಬೇಡ

ಮಂಡ್ಯದ ನೂರಡಿ ರಸ್ತೆ, ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿ.
ಟಿಕೆಟ್ ಮಾಡಿಕೊಡುವ ಹುಡುಗಿ
ಹಡಗಿನ ನಕ್ಷೆಯನ್ನು ಮೇಜಿನ ತುಂಬ ಹಾಸಿದಳು.
ನೂರಾರು ಚೌಕ, ಚೌಕಕ್ಕೊಂದು ನಂಬರು.
ಯಾವುದು ಬೇಕೋ ನೀವೇ ನೋಡಿ ಅಂಕಲ್, ಅಂದಳು.

ಮೂವತ್ತೊಂದು ವರ್ಷ ಕಂಡಕ್ಟರು ನಾನು.
ಮಳವಳ್ಳಿ, ನಾಗಮಂಗಲ, ಕೊನೆಗೆ ಮೇಲುಕೋಟೆ.
ಸಮುದ್ರ ಕಂಡವನಲ್ಲ, ವಾಂತಿ ಕಂಡವನು.
ಬೆಟ್ಟದ ತಿರುವಿನಲ್ಲಿ ಯಾರ ಮುಖ ಬಿಳಿಚುತ್ತದೆ,
ಯಾರು ಸುಮ್ಮಸುಮ್ಮನೆ ಎಂಜಲು ನುಂಗುತ್ತಾರೆ,
ಮುಂದಿನ ಸೀಟಿನ ಕಂಬಿಯನ್ನು ಯಾರು ಬಿಗಿ ಹಿಡಿದಿದ್ದಾರೆ,
ಟಿಕೆಟ್ ಹರಿಯುವಾಗಲೇ ಗೊತ್ತಾಗುತ್ತಿತ್ತು.
ನನ್ನ ಚೀಲದಲ್ಲೊಂದು ನಿಂಬೆಹಣ್ಣು ಸದಾ ಇರುತ್ತಿತ್ತು,
ಚಿಲ್ಲರೆಯ ವಾಸನೆ ಹಿಡಿದು.

ಕನ್ನಡಕ ಏರಿಸಿ ಹೇಳಿದೆ:
ನೋಡವ್ವ, ಚಕ್ರದ ಮೇಲಿನ ಸೀಟು ಬೇಡ, ಹಿಂದಲದ್ದಂತೂ ಬೇಡ,
ಗುಂಡಿಗೆ ಬಿದ್ದಾಗ ಆಳನ್ನು ಸೂರಿಗೆ ಎತ್ತಿ ಬಡಿಯುವುದು ಅದೇ.
ಮುಂದಲದ್ದೂ ಬೇಡ. ಅಲೆಯನ್ನು ಮೊದಲು ಗುದ್ದುವುದು ಅದು,
ಲಂಗರಿನ ಸರಪಳಿಯೂ ಅಲ್ಲೇ ತಾನೆ,
ಬೆಳಗಿನ ಜಾವ ಕಬ್ಬಿನ ಗಾಡಿ ಮಗುಚಿದ ಹಾಗೆ ಸದ್ದು.
ಮೇಲಂತಸ್ತು ಬೇಡವೇ ಬೇಡ.
ಗಾಳಿಗೆ ತೆಂಗಿನ ಬುಡ ಆಡುವುದಿಲ್ಲ, ಗರಿ ಆಡುತ್ತದೆ.
ನಮ್ಮಪ್ಪನ ಏತ ನೆನಪಿದೆ ನನಗೆ:
ಒಂದು ತುದಿ ಏಳುತ್ತದೆ, ಒಂದು ತುದಿ ಇಳಿಯುತ್ತದೆ,
ನಡುವಿನ ಕವೆಯ ಮೇಲೆ ಮಾತ್ರ
ಕಾಗೆ ಕೂತು ನಿದ್ದೆ ಮಾಡಬಹುದು.

ಹುಡುಗಿ ಪೆನ್ಸಿಲಿನಲ್ಲಿ
ಕೆಳಗಿನ ನಡುವಿನ ಹತ್ತು ಚೌಕ ಸುತ್ತಿದಳು.

ಇನ್ನು ನಿದ್ದೆಯ ಮಾತು.
ನೈಟ್ ಹಾಲ್ಟ್ ಅಂದರೆ ಬಸ್ಸಿನಲ್ಲೇ ಮಲಗಿದವನು ನಾನು.
ಒಂದು ಊರಲ್ಲಿ ಹಿಟ್ಟಿನ ಗಿರಣಿ, ಇನ್ನೊಂದರಲ್ಲಿ ಭಜನೆ ಮನೆ,
ಮತ್ತೊಂದರಲ್ಲಿ ಯಾರದೋ ಎಮ್ಮೆ, ಕರು ಸತ್ತದ್ದು.
ಇದರ ಮೇಲೇನಿದೆ, ಕೇಳಿದೆ.
ಊಟದ ಹಾಲು. ಬೇಡ, ಕುರ್ಚಿ ಎಳೆಯುತ್ತಾರೆ.
ಇದರ ಮೇಲೆ? ಡ್ಯಾನ್ಸು, ರಾತ್ರಿ ಎರಡರವರೆಗೆ.
ಇದರ ಕೆಳಗೆ? ಎಂಜಿನ್ನು.
ಇದರ ಪಕ್ಕ ಲಿಫ್ಟು, ಅದರ ಪಕ್ಕ ಬಟ್ಟೆ ಒಗೆಯುವ ಮೆಷಿನ್ನು.
ಕೊನೆಗೊಂದು ಸಿಕ್ಕಿತು:
ಮೇಲೂ ರೂಮು, ಕೆಳಗೂ ರೂಮು, ಅಕ್ಕಪಕ್ಕವೂ ರೂಮು.
ಮಲಗುವ ಜನರ ನಡುವೆ ಮಲಗುವ ಜನ.
ಇದೇ ಬರಕೊಳ್ಳವ್ವ, ಅಂದೆ.
ಕಿಟಕಿ ಇರಲ್ಲ ಅಂಕಲ್ ಇದಕ್ಕೆ.
ಬೇಡ ಬಿಡು, ಅಗ್ಗವಾಯಿತು.

ಅಲ್ಲಿಯವರೆಗೆ ಸುಮ್ಮನಿದ್ದ ಚನ್ನಾಜಿ,
ಚೀಟಿ ಎತ್ತಿದ ದುಡ್ಡನ್ನು ಮಡಿಲಲ್ಲಿಟ್ಟುಕೊಂಡವಳು, ಅಂದಳು:
ಅಲ್ಲಾ ಕನ, ಸಮುದ್ರುಕ್ಕೋಗಿ ಗ್ವಾಡೆ ನೋಡಾದಾ?
ನಿನಗೆ ವಾಂತಿ ಬರುತ್ತೆ, ಕನ್ನಂಬಾಡಿಗೆ ಹೋದಾಗ ಮರೆತೆಯಾ?
ಬಂದ್ರೆ ಬರ್ಲಿ. ವಾಂತಿ ಬರೋರ್ಗೆ ಕಿಟ್ಕಿ ಬುಡ್ರಪ್ಪ ಅಂತ
ಮೂವತ್ತೊಂದ್ ವರ್ಸ ಕೂಗ್ದೋರ್ ಯಾರು?

ನಾನು ಮಾತಾಡಲಿಲ್ಲ.
ಎಷ್ಟು ಜನರನ್ನು ಎಬ್ಬಿಸಿದ್ದೆ ಕಿಟಕಿಯಿಂದ,
ಎಷ್ಟು ಜನರನ್ನು ಕೂರಿಸಿ ಹೇಳಿದ್ದೆ,
ಹತ್ತಿರದ ಕಲ್ಲು ನೋಡಬೇಡಮ್ಮ, ಓಡುತ್ತೆ,
ದೂರದ ಗೆರೆ ನೋಡು, ಅದು ಅಲ್ಲೇ ಇರುತ್ತೆ, ಅಂತ.
ಅವಳೂ ಒಂದು ದಿನ ಆ ಬಸ್ಸಿನಲ್ಲಿದ್ದಳೇನೋ.

ಹುಡುಗಿ ರಬ್ಬರು ಉಜ್ಜಿದಳು.
ಅದೇ ನಡು, ಅದೇ ಅಂತಸ್ತು, ಒಂದೇ ಚೌಕ ಆಚೆಗೆ:
ರೊಟ್ಟಿ ಹೆಂಚಿನಷ್ಟು ದುಂಡನೆ ಗಾಜು.
ತೆಗೆಯಕ್ಕೆ ಬರಲ್ಲ ಅಂಕಲ್, ಕೆಳಗಡೆ ಅಲ್ವಾ, ನೀರು ಬರುತ್ತೆ.
ಮತ್ತೆ ವಾಂತಿ ಎಲ್ಲಿಗೆ, ಕೇಳಿದೆ.
ಕವರ್ ಕೊಡ್ತಾರೆ, ಅಂದು ನಕ್ಕಳು.

ಚನ್ನಾಜಿ ಎರಡು ಸಲ ಎಣಿಸಿ ಕೊಟ್ಟಳು.
ಹುಡುಗಿಯ ಹತ್ತಿರ ಐವತ್ತು ರೂಪಾಯಿ ಚಿಲ್ಲರೆ ಇರಲಿಲ್ಲ.
ರಸೀದಿಯ ಹಿಂದೆ ಐವತ್ತು ಅಂತ ಬರೆದು, ಕೆಳಗೊಂದು ಗೀಟೆಳೆದು,
ಮುಂದಿನ ಸಲ ಬಂದಾಗ ಇಸ್ಕೊಳ್ಳಿ, ಅಂದಳು.
ನನ್ನದೇ ಗೀಟು, ನನ್ನದೇ ಮಾತು.
ಆಗಲಿ ಅಂತ ನಾನು ಎದ್ದೆ.
ಈಸ್ಕೊಂಡೇ ಓಗಾದು, ಅಂತ ಚನ್ನಾಜಿ
ಗೋಡೆ ಬದಿಯ ಬೆಂಚಿಗೆ ಹೋಗಿ ಕೂತಳು,
ಕಿಟಕಿಯ ಪಕ್ಕ.