ನಾಲ್ಕು ಜಿಬಿಯ ತುತ್ತು

ಒಝುರ್ಗೆಟಿ ಪೇಟೆಯ ಹಿಂದೆ, ಮುಚ್ಚಿಹೋದ ಚಹಾ ಕಾರ್ಖಾನೆಯ
ತೂಕದ ಕೋಣೆಯೇ ನನ್ನ ಅಂಗಡಿ.
ತಕ್ಕಡಿಯ ಕೊಕ್ಕೆ ಇನ್ನೂ ಸೂರಿನಲ್ಲಿದೆ,
ಅದಕ್ಕೆ ಕೇಬಲ್ಲುಗಳನ್ನು ನೇತುಹಾಕಿದ್ದೇನೆ.

ಡಿಸೆಂಬರಿನಲ್ಲಿ ಅನಾನಿಯಾ ಬಂದ.
ಉಣ್ಣೆಯ ಕಾಲುಚೀಲದೊಳಗಿಂದ ಡಿಸ್ಕೊಂದನ್ನು ತೆಗೆದು
ಮೇಜಿನ ಮೇಲಿಟ್ಟ, ಕೋಳಿಮರಿ ಇಟ್ಟ ಹಾಗೆ.
"ಲಮಾರಾ, ಇದು ಮಾತಾಡುತ್ತಿಲ್ಲ."

ಬಟೂಮಿಯ ಸೋದರಳಿಯ ತನ್ನ ಮ್ಯಾಕಿನಲ್ಲಿ ತುಂಬಿಸಿ ಕಳಿಸಿದ್ದು.
ನೆರೆಮನೆ ಹುಡುಗಿಯ ವಿಂಡೋಸಿಗೆ ಚುಚ್ಚಿದರೆ
ಅದು ಬಲು ವಿನಯದಿಂದ ಕೇಳಿತಂತೆ:
ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?
"ಹೂಂ ಅನ್ನುವುದರಲ್ಲಿದ್ದೆ," ಅಂದ,
"ಅಷ್ಟು ಮರ್ಯಾದೆಯಿಂದ ಕೇಳಿದರೆ ಇಲ್ಲ ಅನ್ನೋದು ಹೇಗೆ?"

ಹಳೇ ಚಾಳಿ ಅದು:
ತನಗೆ ಬಾರದ ಲಿಪಿ ಕಂಡರೆ ಖಾಲಿ ಹಾಳೆ ಅನ್ನುವುದು.

ಮೂಲೆಯಲ್ಲಿರುವ ನನ್ನ ಲಿನಕ್ಸು ಎಲ್ಲರ ಬರಹವನ್ನೂ
ತಡವರಿಸಿಯಾದರೂ ಓದುತ್ತದೆ. ಓದಿತು.
ಒಂದೇ ಫೈಲು, ಎಂಟು ಜಿಬಿಗೆ ಕೂದಲೆಳೆ ಕಮ್ಮಿ.
ವರ್ಲಾಮನ ಎಪ್ಪತ್ತರ ಹುಟ್ಟುಹಬ್ಬ, ಉದ್ದ ಮೇಜು, ಮೂವರು ಗಂಡಸರು.

ಇವನ ಟೀವಿಯೋ ಹಳೇ ಕಾಲದ್ದು,
ಫ್ಯಾಟ್ ಮೂವತ್ತೆರಡು ಬಿಟ್ಟರೆ ಬೇರೆ ದೇವರನ್ನು ಕಾಣದು.
ಅದರ ಗುಣ ನಾನು ಬಲ್ಲೆ. ಎಲ್ಲರ ಮನೆಗೂ ಹೋಗುತ್ತದೆ,
ಯಾರ ವಸ್ತುವೆಂದು ಬರೆದಿಟ್ಟುಕೊಳ್ಳುವುದಿಲ್ಲ,
ಹೊತ್ತು ಕೇಳಿದರೆ ಎರಡೆರಡು ಸೆಕೆಂಡು ಸೇರಿಸಿ ಎಣಿಸುತ್ತದೆ.
ನಾಲ್ಕು ಜಿಬಿಗಿಂತ ದೊಡ್ಡ ತುತ್ತು ಮಾತ್ರ ಗಂಟಲಲ್ಲಿ ಇಳಿಯದು.

"ಕುಗ್ಗಿಸಲೇ?"
"ವರ್ಲಾಮನ ದನಿ ಇರೋದೇ ದಾರದಷ್ಟು. ಅದನ್ನೇನು ಕುಗ್ಗಿಸ್ತೀ?"
"ಹಾಗಾದರೆ ಕತ್ತರಿಸಬೇಕು, ಸರಿಯಾಗಿ ನಡುವಿಗೆ.
ಮೂರು ಮಾಡಿದರೆ ಗಾಯ ಎರಡು."

ನಡುವಿನಲ್ಲಿ ಹಾಡಿತ್ತು.

ನಮ್ಮ ಗುರಿಯಾ ಸೀಮೆಯ ಹಾಡಿಗೆ ಮೂರು ದನಿ, ಮೂರು ದಾರಿ.
ವರ್ಲಾಮ ಮೇಲೆ ಹುಂಜದಂತೆ ಒಡೆದೊಡೆದು ಕೂಗುತ್ತಾನೆ,
ಸಾಮ್ಸನ್ ನಡುವೆ ಪದ ಹೊತ್ತು ನಡೆಯುತ್ತಾನೆ,
ಅನಾನಿಯಾ ಕೆಳಗೆ ನೆಲ ಅಗೆಯುತ್ತಾನೆ.
ಒಬ್ಬ ಉಸಿರೆಳೆಯುವಾಗ ಇಬ್ಬರು ಹಿಡಿದಿರುತ್ತಾರೆ.
ಮೂವರೂ ಒಟ್ಟಿಗೆ ಉಸಿರು ಬಿಡುವ ಜಾಗವೇ ಇಲ್ಲ.
ಮುಕ್ಕಾಲು ಗಂಟೆ ಹುಡುಕಿದೆ,
ಪರದೆಯ ಮೇಲೆ ದನಿಯ ಗೆರೆ ಎಲ್ಲೂ ನೆಲ ಮುಟ್ಟಲಿಲ್ಲ.

ಅಷ್ಟು ಹೊತ್ತೂ ಅವನು ಪರ್ಸಿಮನ್ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ.
ಚಾಕು ಒರೆಸಿ ಹೇಳಿದ:
"ಇಪ್ಪತ್ತೊಂಬತ್ತನೇ ನಿಮಿಷ ನೋಡು. ಅಲ್ಲಿ ನಾನಿಲ್ಲ."

ನೋಡಿದೆ. ಬಾಯಿ ಆಡುತ್ತಿದೆ, ದನಿಯಿಲ್ಲ.

"ಪದ ಮರೆತಿದ್ದೆ. ನನ್ನ ಪಾಲನ್ನೂ ಅವರಿಬ್ಬರೇ ಹೊತ್ತರು.
ಯಾರಿಗೂ ತಿಳಿಯಲಿಲ್ಲ.
ಸಾಮ್ಸನ್ ಮಾತ್ರ ಮೇಜಿನಡಿ ಕಾಲು ತುಳಿದ.
ಅಲ್ಲೇ ಕತ್ತರಿಸು."

ವರ್ಲಾಮ ಏಪ್ರಿಲಿನಲ್ಲಿ ಹೋದ. ಸಾಮ್ಸನ್
ದ್ರಾಕ್ಷಿ ಕೊಯ್ಲಿನವರೆಗೆ ಹೇಗೋ ತಳ್ಳಿದ.

ಕತ್ತರಿಸಿದೆ. ಒಂದು, ಎರಡು ಎಂದು ಹೆಸರಿಟ್ಟೆ.
ಹಣ ಮುಟ್ಟಲಿಲ್ಲ ಎಂದರೆ ಸುಳ್ಳಾದೀತು,
ಐದು ಲಾರಿ ತೆಗೆದುಕೊಂಡೆ, ಎರಡು ಹಣ್ಣೂ.

ಜನವರಿಯಲ್ಲಿ ಅವನ ಟೀವಿಯ ತಂತಿ ಸರಿಮಾಡಲು ಹೋಗಿದ್ದೆ.
"ನೋಡಿಯೇ ಹೋಗು" ಎಂದು ಕೂರಿಸಿದ.
ಒಂದನೇ ತುಂಡು ಮುಗಿಯಿತು. ಎರಡನೆಯದು ತೆರೆಯುವ ಮುನ್ನ
ಟೀವಿ ಕಪ್ಪಾಗುತ್ತದೆ, ನಾಲ್ಕೋ ಐದೋ ಸೆಕೆಂಡು.

ಆ ಕಪ್ಪಿನೊಳಕ್ಕೆ ಅನಾನಿಯಾ ಹಾಡಿದ,
ಅವತ್ತು ಮರೆತ ಅದೇ ಸಾಲು, ಒಬ್ಬನೇ,
ಕೈ ಮೊಣಕಾಲ ಮೇಲೆ.

ಪರದೆ ಮತ್ತೆ ಬೆಳಗಿದಾಗ ಅರ್ಧ ಹೆಜ್ಜೆ ಮುಂದೆ ಓಡಿಬಿಟ್ಟಿದ್ದ.
ಅಲ್ಲಿಂದ ಸಾಮ್ಸನ್ ಓರೆಗಣ್ಣಲ್ಲಿ ಅವನತ್ತ ನೋಡಿದ.
ಅನಾನಿಯಾ ಕಾಲು ಹಿಂದಕ್ಕೆಳೆದುಕೊಂಡ.