ಉಗುರಿನ ನೀಲಿ

ಕಾಲುವೆಗೆ ನೀರು ಬಿಟ್ಟ ಮೇಲೇ
ನಮ್ಮ ಸಭೆಯಲ್ಲಿ ದೀಕ್ಷಾಸ್ನಾನ.
ಹಾಗಾಗಿ ನನ್ನ ಪಶ್ಚಾತ್ತಾಪವೂ
ಏಪ್ರಿಲ್‌ನಿಂದ ಆಗಸ್ಟ್‌ವರೆಗೆ
ನೀರಾವರಿ ಇಲಾಖೆಯ ಆದೇಶಕ್ಕೆ ಕಾದಿತ್ತು.

ಅಲ್ಲೀಪುರದ ಹತ್ತಿರ, ಕಾಲುವೆಯ ಮೆಟ್ಟಿಲು.
ಸುವಾರ್ತಮ್ಮ ಗಂಜಿ ಹಾಕಿ ಒಗೆದ ಬಿಳಿ ಪಂಚೆ.
ಪಾಸ್ಟರ್ ಯೇಸುರತ್ನಂ ನನ್ನ ಮೂಗು ಹಿಡಿದು
ಹಿಂದಕ್ಕೆ ಬಾಗಿಸಿದರು, ಕೆಂಪು ನೀರೊಳಗೆ.
ಒಂದು ಗಳಿಗೆ ಬಳ್ಳಾರಿಯ ಬಿಸಿಲಿರಲಿಲ್ಲ,
ಚೀಟಿ ಕಟ್ಟುವ ತಾರೀಖಿರಲಿಲ್ಲ,
ನನಗೊಂದು ಹೆಸರೂ ಇರಲಿಲ್ಲ.
ಎದ್ದಾಗ ದಡದಲ್ಲಿ ಕಂಜಿರ ಬಡಿಯುತ್ತಿದ್ದರು.
ಪಾಪವೆಲ್ಲ ಹೋಯಿತೆಂದರು. ನಂಬಿದೆ.
ಕೈ ನೋಡಿಕೊಂಡೆ:
ಹತ್ತೂ ಉಗುರು ನೀಲಿ.

ಹದಿನೇಳು ವರ್ಷ ಜೀನ್ಸ್ ತೊಳೆದ ಕೈ.
ಮುಂಡರಗಿ ಕಡೆಯ ವಾಷಿಂಗ್ ಯೂನಿಟ್ಟು,
ಡ್ರಮ್ಮಿನೊಳಗೆ ಹಗುರ ಕಲ್ಲು, ಬ್ಲೀಚು, ದಪ್ಪ ಬಟ್ಟೆ.
ಹೊಸದನ್ನು ಹಳತು ಮಾಡುವುದೇ ಅಲ್ಲಿಯ ಕಸುಬು.
ತೊಡೆಯಲ್ಲಿ ಎಷ್ಟು ಮಾಸಬೇಕು, ಅಂಚಲ್ಲಿ ಎಷ್ಟು ಹರಿಯಬೇಕು,
ಎಲ್ಲಕ್ಕೂ ಒಂದು ಸ್ಯಾಂಪಲ್ಲು.
ಯಾರೂ ಇನ್ನೂ ಮೊಣಕಾಲೂರದ ಪ್ಯಾಂಟಿಗೆ
ಮೊಣಕಾಲೂರಿದ ಗುರುತು ಹಾಕಿ
ದಿಲ್ಲಿಗೆ ಕಳಿಸುತ್ತೇವೆ.
ಹಳತನ್ನು ಹೊಸದು ಮಾಡುವ ಕೆಲಸ
ನಮ್ಮಲ್ಲಿ ಯಾರಿಗೂ ಬಾರದು.

ರಾತ್ರಿ ಎರಡಕ್ಕೆ ನನ್ನದೊಂದು ಬೇರೆ ಡ್ಯೂಟಿ:
ಹಿಂದಿನ ಗೋಡೆಯ ಬುಡದಲ್ಲಿ ಬಗ್ಗಿ
ವಾಲ್ವ್ ತಿರುಗಿಸುವುದು.
ದಿನದ ನೀಲಿಯೆಲ್ಲ ಹಳ್ಳಕ್ಕೆ.
ನೀರು ಶುದ್ಧ ಮಾಡುವ ಮಷೀನುಂಟು,
ತಪಾಸಣೆಯವರು ಬರುವ ದಿನ ಅದು ಓಡುತ್ತದೆ.
ಸ್ನಾನವಾದ ರಾತ್ರಿಯೂ ತಿರುಗಿಸಿದೆ.
ಸುಳ್ಳೇಕೆ, ಕೈಗೆ ರೂಢಿ.
ಕಿವಿಯಲ್ಲಿ ಇನ್ನೂ
ಕಾಲುವೆ ನೀರು ಗುಳುಗುಳು ಅನ್ನುತ್ತಿತ್ತು.

"ಅವನ ಚಿತ್ತ ಏನಂತ ಕೇಳಪ್ಪಾ" ಅಂದಿದ್ದರು ಪಾಸ್ಟರ್.
ಕೇಳಿದೆ. ದೊಡ್ಡದೇನೋ ಬಂದೀತೆಂದು ಕಾದೆ,
ಒಂದು ಕನಸು, ಒಂದು ದನಿ, ಚಾಪೆಯ ಮೇಲೆ ಬೆಳಕು.
ಬಂದವಳು ಹಳ್ಳದ ಕೆಳಗಿನ ಹುಲಿಗೆಮ್ಮ,
ಎಮ್ಮೆ ಹೊಡಕೊಂಡು ಗೇಟಿನ ತನಕ.
"ಇದರ ನಾಲಿಗಿ ನೋಡೋ ತಮ್ಮಾ" ಅಂದಳು.
ನೋಡಿದೆ.
ಚಿತ್ತ ಕೇಳಿದವನಿಗೆ ಕಂಡದ್ದು ಚಿತ್ತು,
ನನ್ನದೇ ಕೈಬರಹ.

ಅವತ್ತು ಎರಡಾಯಿತು. ವಾಲ್ವಿನ ಮುಂದೆ ಕೂತೆ.
ಎರಡೂವರೆ. ತೊಟ್ಟಿ ತುಂಬಿ ನೆಲಕ್ಕೆ ಹರಿದು
ನನ್ನ ಚಪ್ಪಲಿ ತೇಲಿಸಿಕೊಂಡು ಹೋಯಿತು.
ಎದ್ದು ನಿಂತೆ, ಎರಡನೆಯ ಸಲ ನೀರಲ್ಲಿ.
ಈ ಸಲ ಮೂಗು ಹಿಡಿಯಲು ಯಾರೂ ಇರಲಿಲ್ಲ.

ಸಾಹುಕಾರರು ಬೈಯಲಿಲ್ಲ.
"ಭಕ್ತಿ ಭಾನುವಾರಕ್ಕಿರಲಿ, ದೇವದಾನಂ" ಅಂದು
ದಾರ ಕತ್ತರಿಸುವ ಹೆಂಗಸರ ಸಾಲಿಗೆ ಹಾಕಿದರು.
ಪೀಸಿನ ಲೆಕ್ಕ. ಸುವಾರ್ತಮ್ಮ ಬೆರಳೆಣಿಸಿ
ಹಾಲನ್ನು ಅರ್ಧ ಲೀಟರಿಗೆ ಇಳಿಸಿದಳು,
ಎರಡು ದಿನ ಮಾತಾಡಲಿಲ್ಲ.
ಮೂರನೆಯ ದಿನ "ಕತ್ತರಿ ಸಾಣೆ ಹಿಡಿಸಿಕೋ,
ಬೆರಳು ಬೊಬ್ಬೆ ಬಂದಾವು" ಅಂದಳು.

ಹಳ್ಳ ಇನ್ನೂ ನೀಲಿ. ಅದನ್ನೂ ಹೇಳಬೇಕು.
ವಾಲ್ವ್ ಈಗ ಹೊನ್ನೂರನ ಕೈಯಲ್ಲಿ,
ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗ.
ನಾನು ಸಂಜೆ ಹುಲಿಗೆಮ್ಮನ ಬಾನಿಗೆ
ಬೋರಿನ ನೀರು ಎರಡು ಕೊಡ ಹಾಕುತ್ತೇನೆ.
ಎಮ್ಮೆಗೆ ಎರಡು ಕೊಡ ಯಾವ ಮೂಲೆಗೆ?
ಕುಡಿದು ನನ್ನ ಕಡೆ ನೋಡುತ್ತದೆ, ಇನ್ನೂ ಇದೆಯೇ ಎಂಬಂತೆ.

ಮೊನ್ನೆ ಬುತ್ತಿ ಬಿಚ್ಚಿದಾಗ ಹೊನ್ನೂರ
ನನ್ನ ಕೈ ಹಿಡಿದು ನೋಡಿದ.
ಬುಡದಲ್ಲಿ ಅಕ್ಕಿಕಾಳಿನಷ್ಟು ಬಿಳಿ, ಹೊಸ ಉಗುರು;
ಹಳೆಯ ನೀಲಿ ಮುಂದಕ್ಕೆ ಸರಿದು
ತುದಿಗೆ ಬಂದು ನಿಂತಿತ್ತು.
"ಯಾವ ಸೋಪಣ್ಣಾ?" ಅಂದ.

ಸೋಪಲ್ಲೋ, ಅನ್ನಲು ಹೋದೆ.
ಬಾಯಿ ತುಂಬ ಅನ್ನವಿತ್ತು.
ಅವನ ಕೈಯನ್ನು ತಿರುಗಿಸಿ ನೋಡಿದೆ,
ಹತ್ತೂ ಉಗುರು.
"ರಾತ್ರಿ ಎರಡಕ್ಕೆ ಬರ್ತೀನಿ" ಅಂದೆ,
"ಸುಮ್ನೆ ಕೂಡಾಣು."