ಎರಡನೆಯ ಗೆರೆ

ಹದಿನಾರು ವರ್ಷದಿಂದ ನನಗೆ ಪ್ರತಿಕಾಯ ಅಂದರೆ
ಪಟ್ಟಿಯ ಮೇಲೆ ಮೂಡುವ ಎರಡನೆಯ ಗೆರೆ,
ತೊಳೆದ ಮೇಲೂ ಸೆರಗಿನಲ್ಲಿ ಉಳಿದ ಕುಂಕುಮದ ಬಣ್ಣ.
ಒಂದೇ ಗೆರೆಯಾದರೆ ಮನೆಗೆ ಹೋಗಿ.
ಎರಡಾದರೆ ಕೂತಿರಿ, ಕೌನ್ಸೆಲರ್ ಕರೀತಾರೆ.
ಟೈಮರ್ ಒತ್ತಿ ಕಿಟಕಿಗೆ ತಿರುಗುತ್ತೇನೆ.
ಬಂದ ಗೆರೆಯನ್ನು ನೋಡಬಲ್ಲೆ,
ಬರುತ್ತಿರುವುದನ್ನು ಆಗದು.

ಕಿಟಕಿಯಾಚೆ ಆಸ್ಪತ್ರೆಯ ನೀರಿನ ಟ್ಯಾಂಕು.
ಬಿಸಿಲೇರಿದರೆ ದುರ್ಗದ ಬಂಡೆಯಿಂದ ಕೋತಿಗಳು ಇಳಿದು ಬಂದು
ಟ್ಯಾಂಕಿನ ನೆರಳಲ್ಲಿ ಒಂದರ ಹೇನು ಒಂದು ಹೆಕ್ಕುತ್ತವೆ.
ಅಟೆಂಡರ್ ಪಾಲಯ್ಯ ಕೋಲು ಹಿಡಿದು ಓಡಿಸುತ್ತಾನೆ,
ಆಮೇಲೆ ತಾನೇ ಶೇಂಗಾ ಹಾಕುತ್ತಾನೆ.

ಸೋಮವಾರ ಡಾಕ್ಟರ್ ಫರ್ಹಾನಾ ಹನ್ನೊಂದು ಪುಟ ಕೊಟ್ಟರು,
'ಓದಿ ಸರೋಜಕ್ಕ, ನಿಮ್ಮ ಗೆರೆಯ ಕಥೆ' ಅಂತ.
ರೊಟ್ಟಿ ಮುರಿಯುತ್ತ, ನಿಘಂಟು ತೆರೆಯುತ್ತ
ಮೂರು ಮಧ್ಯಾಹ್ನ ಓದಿದೆ.

ಎಲ್ಲೋ ದೂರದ ಊರಲ್ಲಿ ಆರು ಕೋತಿ. ಹೆಸರಿಲ್ಲ, ನಂಬರು.
ವರ್ಷಗಟ್ಟಲೆ ವೈರಸ್ಸಿನೊಡನೆ ಬಾಳಿದ ಯಾರದೋ ನೆತ್ತರಲ್ಲಿ
ತಡವಾಗಿ ಹುಟ್ಟಿದ ಒಂದು ಪ್ರತಿಕಾಯ.
ಅವನಿಗೆ ಅದು ದಕ್ಕಲಿಲ್ಲ:
ಕಳ್ಳ ಒಳಬಂದು, ಉಂಡು, ಮನೆಯವನೇ ಆದ ಮೇಲೆ
ಬಂದ ಬೀಗ.
ಅದನ್ನೇ ಬೆಳೆಸಿ, ಸೋಸಿ, ಕೋತಿಗಳ ನರಕ್ಕೆ ಇಳಿಸಿ
ವಾರಕ್ಕೊಮ್ಮೆ ವೈರಸ್ಸು ಕೊಟ್ಟು ಕಾದರು.
ಬರೀ ಉಪ್ಪುನೀರು ಪಡೆದ ಇನ್ನಾರು ಮೂರನೆಯ ವಾರಕ್ಕೇ ಸೋತವು.
ಈ ಆರು? ಐದು ವಾರ, ಎಂಟು ವಾರ,
ಎಲ್ಲವೂ ಚೊಕ್ಕ.

ನಮ್ಮ ಬೆಂಚಿನಲ್ಲಿ ಕೂರುವವರಂಥ ಯಾರೋ ಒಬ್ಬ
ತಾನು ಕಾಣದ ಪ್ರಾಣಿಯನ್ನು ಕಾಯುತ್ತಿದ್ದ.

ಓಬವ್ವನ ಕಿಂಡಿ ಅಂದುಬಿಡಬಹುದಿತ್ತು.
ಈ ಊರಲ್ಲಿ ಎಲ್ಲಕ್ಕೂ ಅದೇ ಹೋಲಿಕೆ,
ಶಾಲೆಯ ಭಾಷಣಕ್ಕೆ, ಬ್ಯಾಂಕಿನ ಕ್ಯಾಲೆಂಡರಿಗೆ.
ಆದರೆ ಒನಕೆಯ ಹಿಂದೆ ತೋಳು ಬೇಕಲ್ಲ,
ಎರವಲು ತೋಳು ಎಷ್ಟು ದಿನ?
ಹನ್ನೆರಡನೆಯ ವಾರ ಒಂದು ಕೋತಿ ಸೋತಿತು,
ಹದಿನಾಲ್ಕಕ್ಕೆ ಎರಡು.
ಕಾಗದದ ಮೇಲೆ ಆ ಗೆರೆ
ಕೋಟೆಯ ಮೆಟ್ಟಿಲ ಹಾಗೆ ಇಳಿಯುತ್ತ ಬಂತು,
ಒಂದೊಂದು ಮೆಟ್ಟಿಲೂ ಒಂದೊಂದು ಮೈ.

ಉಳಿದವು ಕೊನೆಯವರೆಗೂ ಗಟ್ಟಿಯಾಗಿದ್ದವು.
ಅವನ್ನೂ ಮಲಗಿಸಿದರು.
ಎಲ್ಲೂ ಅಡಗಿಲ್ಲವೆಂಬ ಖಾತ್ರಿಗೆ
ಗ್ರಂಥಿ ಬಿಚ್ಚಿಯೇ ನೋಡಬೇಕಂತೆ.
ಆ ಸಾಲಿಗೆ ನಿಘಂಟು ಬೇಕಾಗಲಿಲ್ಲ.
ಉಳಿದ ರೊಟ್ಟಿಯನ್ನು ಟ್ಯಾಂಕಿನ ಕಡೆ ಎಸೆದೆ.
ಪಾಲಯ್ಯ ಗೊಣಗಿದ.

ಇವತ್ತು ಚಳ್ಳಕೆರೆಯ ಎಣ್ಣೆಮಿಲ್ಲಿನ ತಿಪ್ಪಕ್ಕ
ಮಗನನ್ನು ಕರೆತಂದಿದ್ದಾಳೆ.
ಹದಿನೆಂಟು ತಿಂಗಳು ಇಂದಿಗೆ.
ಒಂದೂವರೆ ತಿಂಗಳ ಕೂಸಾಗಿದ್ದಾಗ ನಾನೇ ಹಿಮ್ಮಡಿ ಚುಚ್ಚಿ
ಕಾಗದಕ್ಕೆ ಹನಿ ಇಳಿಸಿದ್ದೆ. ವೈರಸ್ಸು ಸಿಗಲಿಲ್ಲ.
ಆದರೂ ಅವನ ರಕ್ತದಲ್ಲಿ ಅವಳ ಪ್ರತಿಕಾಯ ತಿಂಗಳುಗಟ್ಟಲೆ ಇರುತ್ತದೆ.
ಹೊಟ್ಟೆಯಲ್ಲಿದ್ದಾಗ ಕೊಟ್ಟದ್ದು, ಬೇಡವೆಂದರೂ ಕೊಟ್ಟದ್ದು.
ಅದು ಅಳಿಯುವವರೆಗೆ ನಮ್ಮ ಪಟ್ಟಿ
ತಾಯಿಯನ್ನೂ ಮಗುವನ್ನೂ ಬೇರೆಬೇರೆಯಾಗಿ ಓದಲಾರದು.

ಟೈಮರ್ ಒತ್ತಿದೆ. ಕಿಟಕಿಗೆ ತಿರುಗಲಿಲ್ಲ.
ಪಟ್ಟಿಯ ಮೇಲೆ ನೀರು ಹತ್ತಿತು,
ಮೊದಲ ಗೆರೆ ಬಂತು, ಅದರಾಚೆ ಬಿಳಿ,
ಹದಿನೈದು ನಿಮಿಷವೂ ಬಿಳಿ.
ಹುಡುಗ ಟೈಮರನ್ನೇ ಕಿತ್ತುಕೊಳ್ಳಲು ನೋಡುತ್ತಿದ್ದ.

ಹೇಳಿದೆ. ಅತ್ತಳು, ಮೂಗೊರೆಸಿಕೊಂಡಳು.
ಸ್ವಲ್ಪ ತಡೆದು ಕೇಳಿದಳು:
'ನಂದು ಏನೂ ಉಳಿದಿಲ್ಲೇನಕ್ಕ ಅವನ ರಕ್ತದಾಗೆ?'

ಇಲ್ಲ ಅನ್ನಬೇಕು, ಅದೇ ಸಿಹಿ ಸುದ್ದಿ.
ನಾಲಿಗೆ ಏಳಲಿಲ್ಲ.
'ಕಿವಿ ನೋಡು' ಅಂದೆ, 'ನಿನ್ನವೇ.'

ರಿಜಿಸ್ಟರಿನಲ್ಲಿ ಅವನ ನಂಬರಿನ ಮುಂದೆ
ಸಣ್ಣದಾಗಿ, ಪೆನ್ಸಿಲ್ಲಿನಲ್ಲಿ, ಹೆಸರೂ ಬರೆದೆ.
ಬರೆಯಬಾರದು, ಗೊತ್ತು.
ಟ್ಯಾಂಕಿನ ಮೇಲೊಂದು ಮರಿ
ತಾಯಿಯ ಹೊಟ್ಟೆ ಬಿಟ್ಟು ಎರಡು ಹೆಜ್ಜೆ ಹೋಗಿ
ಮತ್ತೆ ಓಡಿಬಂತು.